ಗುರುತಿನ ಮಾತು

ನೋವು ಎಲ್ಲಿದೆ ಎಂದು ಔಷಧಿಗೆ ಹೇಗೆ ಗೊತ್ತಾಗಬೇಕು? ಗುಳಿಗೆಗಂತೂ ಗೊತ್ತಿಲ್ಲ. ಅದು ಹೊಟ್ಟೆಗಿಳಿದು, ರಕ್ತ ಸೇರಿ, ಮೈಯೆಲ್ಲ ಅಲೆಯುತ್ತದೆ. ನೋವಿದ್ದಲ್ಲಿಗೂ ಹೋಗುತ್ತದೆ, ಇಲ್ಲದಲ್ಲಿಗೂ ಹೋಗುತ್ತದೆ, ಕೊನೆಗೆ ಗುಣಕ್ಕಿಂತ ಹೆಚ್ಚು ನಿದ್ದೆ ಕೊಟ್ಟು ಹೊರಬೀಳುತ್ತದೆ. ಹಾಗಲ್ಲದೆ, ನೋವು ಎದ್ದ ಕ್ಷಣದಲ್ಲೇ ರೋಗಿ 'ಇದೋ, ಇದೇ' ಎಂದು ಹೇಳಿ, ಔಷಧಿ ಆ ಮಾತನ್ನು ಕೇಳಿಸಿಕೊಂಡು, ಆಗ ಕೂಗಿಕೊಂಡ ನರದ ಬಾಯಿಯನ್ನಷ್ಟೇ ಮುಚ್ಚುವಂತಿದ್ದರೆ?

ಶಮನ ದ್ರವ ಮಾಡಿದ್ದು ಅದನ್ನೇ. ಹುಬ್ಬಳ್ಳಿಯ ಶಮನ ಕೇಂದ್ರದಲ್ಲಿ ನಾನು ನಿಗಾ ಕೋಣೆ ನೋಡಿಕೊಳ್ಳುತ್ತೇನೆ. ಹೊಸ ರೋಗಿಗಳಿಗೆ ಮುಂದೆ ಏನೇನಾಗುತ್ತದೆ ಎಂದು ತಿಳಿಸಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಡಾಕ್ಟರ್ ಇನಾಮದಾರ ಹೇಳಿದ್ದಕ್ಕೆಲ್ಲ ಜನ ತಲೆ ಅಲ್ಲಾಡಿಸುತ್ತಾರೆ, ಆಮೇಲೆ ಹೊರಗೆ ಬಂದು ನನ್ನನ್ನು ಕೇಳುತ್ತಾರೆ. ಶಾಲು ತನ್ನಿ, ದ್ರವ ಇಳಿಯುವಾಗ ತೋಳು ತಣ್ಣಗಾಗುತ್ತದೆ ಎನ್ನುತ್ತೇನೆ. ನಾಲಿಗೆಯ ಮೇಲೆ ತಾಮ್ರದ ಚೊಂಬು ನೆಕ್ಕಿದಂಥ ರುಚಿ ಬರುತ್ತದೆ, ತುಟಿ ಜುಮ್ಮೆನ್ನುತ್ತದೆ, ಹೆದರಬೇಡಿ. ಆ ದಿನ ಗಾಡಿ ಹೊಡೆಯಬೇಡಿ. ಮೊದಲ ಬಾಟಲಿಗೇ ಗುಣ ಕಾಣಲಿಲ್ಲವೆಂದು ನಮ್ಮನ್ನು ಬೈಯಬೇಡಿ, ಬೇಕಾದರೆ ಮೂರನೆಯದಕ್ಕೆ ಬೈಯಿರಿ.

ಬೈಯುವವರು ಕಡಿಮೆ. ನಮ್ಮ ಕಡೆಯವರಿಗೆ ಬಾಟಲಿಯ ಮೇಲೆ ಬಲು ನಂಬಿಕೆ. ಗುಳಿಗೆ ಕೊಟ್ಟ ಡಾಕ್ಟರು ದಡ್ಡ, ಸೂಜಿ ಚುಚ್ಚಿದವನು ಪರವಾಗಿಲ್ಲ, ಬಾಟಲಿ ಏರಿಸಿದವನೇ ದೇವರು.

ದ್ರವದಲ್ಲಿ ಕಣ್ಣಿಗೆ ಕಾಣದ ಕಣಗಳಿವೆ. ಅವು ನರಗಳ ಸುತ್ತ, ಮೆದುಳಿನವರೆಗೂ ಹೋಗಿ ಸುಮ್ಮನೆ ಕಾಯುತ್ತ ಕೂರುತ್ತವೆ. ರೋಗಿಯ ಸೊಂಟದ ಪಟ್ಟಿಯಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ. ನೋವು ಬಂದಾಗ ರೋಗಿ ತನ್ನ ಗುರುತಿನ ಮಾತು ಆಡಬೇಕು. ಡಬ್ಬಿ ಅದನ್ನು ಕೇಳಿಸಿಕೊಂಡು ಮೈಯೊಳಗೆ ಸಣ್ಣದೊಂದು ಅಲೆ ಕಳಿಸುತ್ತದೆ, ಹಸಿರು ದೀಪ ಒಮ್ಮೆ ಮಿನುಗುತ್ತದೆ. ಆ ಕ್ಷಣದಲ್ಲಿ ಯಾವ ನರ ಮಿಡಿಯುತ್ತಿತ್ತೋ ಅದಕ್ಕೆ ಕಣಗಳು ಅಂಟಿಕೊಂಡು ಅದನ್ನು ಮೂಕ ಮಾಡುತ್ತವೆ. ನೋವು ಯಾವುದು, ಬೇರೆಯದು ಯಾವುದು ಎಂಬ ಭೇದ ಅವುಗಳಿಗಿಲ್ಲ. ಹೇಳಿದಷ್ಟು ಮಾಡುವ ಆಳುಗಳು ಅವು.

ಗುರುತಿನ ಮಾತು ಯೋಚಿಸಿ ಆರಿಸುವಂಥದ್ದಲ್ಲ. ನೋವಾದಾಗ ತಾನಾಗಿ ಬಾಯಿಂದ ಬೀಳುವ ಮಾತೇ ಆಗಬೇಕು, ಇಲ್ಲದಿದ್ದರೆ ಹೊತ್ತು ತಪ್ಪುತ್ತದೆ. ಕೆಲವರದು 'ಶಿವನೇ', ಕೆಲವರದು 'ಸತ್ತೆ'. ಕೇಶ್ವಾಪುರದ ಒಬ್ಬ ಗೌರವಸ್ಥರದು ಇಲ್ಲಿ ಬರೆಯುವಂಥದ್ದಲ್ಲ, ಅವರ ಹೆಂಡತಿ ತಲೆ ತಗ್ಗಿಸಿ ಕೂತಿದ್ದರು.

ನನ್ನ ಅವ್ವ ಬಸಲಿಂಗವ್ವನದು 'ಚುರ್'.

ಅವ್ವ ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಮನೆಯ ಮುಂದಿನ ಪಡಸಾಲೆಯಲ್ಲಿ ಊಟ, ಹಿಂದೆ ಒಲೆ, ಮೇಲೆ ನಾವಿಬ್ಬರು. ಹೋದ ವರ್ಷ ಅವಳಿಗೆ ಸರ್ಪಸುತ್ತು ಎದ್ದಿತು, ಬೆನ್ನಿನಿಂದ ಹೊಟ್ಟೆಯವರೆಗೆ ಎಡಗಡೆ ಗುಳ್ಳೆಗಳ ಸಾಲು. ಕೆಮ್ಮಣ್ಣು ಹಚ್ಚಿಸಿಕೊಂಡಳು, ನಮ್ಮ ಡಾಕ್ಟರು ಕೊಟ್ಟ ಗುಳಿಗೆಯನ್ನೂ ನುಂಗಿದಳು. ಗುಳ್ಳೆ ಒಣಗಿದವು, ಉರಿ ಮಾತ್ರ ಹೋಗಲಿಲ್ಲ. ಚರ್ಮಕ್ಕೆ ಗಾಯವಿಲ್ಲ, ಒಳಗಿನ ನರಕ್ಕೆ ಬೆಂಕಿ. ರೊಟ್ಟಿ ಬಡಿಯಲು ಕೈ ಎತ್ತಿದರೆ ಪಕ್ಕೆಯಲ್ಲಿ ಕಾದ ಸಲಾಕೆ ಎಳೆದಂತಾಗಿ, ಹಿಟ್ಟಿನ ಮೇಲೇ ಕುಸಿದು ಕೂರುತ್ತಿದ್ದಳು. ಊರಿಗೆಲ್ಲ ರೊಟ್ಟಿ ಬಡಿದ ಹೆಂಗಸು ರವಿಕೆ ತೊಡಲಾರದೆ ಅಳುವುದನ್ನು ನೋಡಿ ನನಗೂ ಅಳು ಬರುತ್ತಿತ್ತು.

"ದಾನಿ, ಸೆರಗ ತಾಕಿದ್ರೂ ಚುರ್ ಅಂತೈತಿ. ನಿಮ್ಮ ಆ ಬಾಟ್ಲಿ ನನಗೂ ಹಚ್ಚಸು" ಎಂದು ತಾನೇ ಹಟ ಹಿಡಿದಳು. ದಾನೇಶ್ವರಿಯಾದ ನಾನು ಅವಳ ಬಾಯಲ್ಲಿ ದಾನಿ.

ಹಚ್ಚಿಸಿದೆ. ಕುರ್ಚಿಯಲ್ಲಿ ಕೂತು, ಶಾಲು ಹೊದ್ದು, ಪಕ್ಕದ ಕುರ್ಚಿಯ ಹೆಂಗಸಿಗೆ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಹೇಳಿಕೊಟ್ಟಳು. ನಡುನಡುವೆ ಪಕ್ಕೆ ಹಿಡಿದು "ಚುರ್!" ಎನ್ನುತ್ತಿದ್ದಳು, ದೀಪ ಮಿನುಗುತ್ತಿತ್ತು. ಡಾಕ್ಟರನ್ನು ನೋಡಿದರೆ ಅರ್ಧ ನೋವು ಹೆದರಿ ಓಡುತ್ತದೆ, ಅದಕ್ಕೇ ಪಟ್ಟಿಯನ್ನು ಮನೆಯಲ್ಲೂ ಕಟ್ಟಿಕೊಳ್ಳಬೇಕು. ಮನೆಯಲ್ಲೇ ನೋವು ನಿಜವಾದ ಮುಖ ತೋರಿಸುವುದು.

ಮೂರನೆಯ ಬಾಟಲಿಗೆ ಅವ್ವ ಸೆರಗು ಬಿಗಿದು ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತಳು. ರೊಟ್ಟಿಯ ಸಪ್ಪಳ ಓಣಿಗೆಲ್ಲ ಕೇಳಿಸಿತು. ನಾನು ಮೆಟ್ಟಿಲ ಮೇಲೆ ನಿಂತು ಆ ಸಪ್ಪಳ ಕೇಳಿ ಅತ್ತೆ, ಸಂತೋಷಕ್ಕೆ.

ನಿಗಾ ಕೋಣೆಯ ಪರದೆಯ ಮೇಲೆ ಊರಿನ ರೋಗಿಗಳ ಸೊಂಟದ ಪಟ್ಟಿಗಳೆಲ್ಲ ಸಾಲಾಗಿ ಕಾಣುತ್ತವೆ. ಮಾತು ನಮಗೆ ಕೇಳಿಸುವುದಿಲ್ಲ. ಮನೆಯೊಳಗಿನ ಮಾತು ಕೇಳುವುದು ತಪ್ಪು ಎಂದು ಕಾನೂನು. ದೀಪ ಮಿನುಗಿದಾಗ ಅವರವರ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ ಬೀಳುತ್ತದೆ, ಅಷ್ಟೇ. ನೋವು ಇಳಿಯುತ್ತ ಬಂದಂತೆ ಚುಕ್ಕೆಗಳೂ ಇಳಿಯಬೇಕು. ಅವ್ವನದು ಇಳಿಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹಿಂಡು ಹಿಂಡು ಚುಕ್ಕೆ, ಸಂಜೆ ನಾನು ಮನೆ ಮುಟ್ಟುವ ಹೊತ್ತಿಗೆ ಇನ್ನೊಂದಿಷ್ಟು. ಒಲೆಯ ಝಳಕ್ಕೆ ನರ ಕೆರಳುತ್ತಿರಬೇಕು ಎಂದುಕೊಂಡೆ. ವಿದ್ಯಾನಗರದ ಒಬ್ಬ ಅಜ್ಜನದು ದಿನಾ ಶಾಲೆ ಬಿಡುವ ಹೊತ್ತಿಗೇ ಮಿನುಗುತ್ತಿತ್ತು. ಮೊಮ್ಮಗಳನ್ನು ಕರೆತರಲು ನಡೆದು ಮೊಣಕಾಲು ನೋಯುತ್ತದೇನೋ ಎಂದು ಅದಕ್ಕೂ ಒಂದು ಕಾರಣ ಹುಡುಕಿ ಇಟ್ಟಿದ್ದೆ. ಆಮೇಲೆ ಆ ಚುಕ್ಕೆಗಳು ನಿಂತವು. ಗುಣವಾಯಿತು ಎಂದುಕೊಂಡೆವು.

ಮೊದಲು ತಕರಾರು ತೆಗೆದವಳು ಫಕೀರವ್ವ. ಅವಳು ನಾನು ಹುಟ್ಟುವ ಮೊದಲಿನಿಂದ ಅವ್ವನ ಎದುರು ಕೂತು ರೊಟ್ಟಿ ಬೇಯಿಸುವವಳು. ಒಂದು ದಿನ ನಾನು ಕೆಲಸಕ್ಕೆ ಹೊರಟಾಗ ಓಣಿಯ ತಿರುವಿನವರೆಗೂ ಹಿಂದೆಯೇ ಬಂದಳು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

"ದಾನವ್ವಾ, ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ನಿಮ್ಮವ್ವಗ ಏನೋ ಆಗೈತಿ."

"ಏನಾಗೈತಿ? ಆರಾಮ ಅದಾಳಲ್ಲ."

"ಭಾಳ ಆರಾಮ ಅದಾಳ. ನಿನ್ನೆ ಕಾದೆಣ್ಣಿ ನನ್ನ ಕೈಮ್ಯಾಲೆ ಬಿತ್ತು. ನಾ ಹೊಯ್ಕೊಂಡೆ. ಆಕಿ ಕುಂತಲ್ಲೇ ಕುಂತು, 'ನೀರಾಗ ಇಡು, ಆ ಮ್ಯಾಲಿನ ರೊಟ್ಟಿ ಹೊತ್ತತೈತಿ, ತಿರುವಿ ಹಾಕಿ ಹೋಗು' ಅಂದ್ಲು." ಫಕೀರವ್ವನ ಕಣ್ಣು ತುಂಬಿದವು. "ಕೈ ಸುಟ್ಟದ್ದು ಹೋಗ್ಲಿ ಬಿಡು. ಮೊದಲ ನನಗ ಮುಳ್ಳ ಚುಚ್ಚಿದ್ರ ಆಕಿ ಅಳತಿದ್ಲು."

ಕೆಲಸದ ಗಡಿಬಿಡಿ ಇರಬೇಕು ಎಂದು ಸಮಾಧಾನ ಹೇಳಿ ಕಳಿಸಿದೆ. ಆದರೆ ಅಂದಿನಿಂದ ಪಡಸಾಲೆಯ ಕಡೆ ಕಣ್ಣಿಟ್ಟೆ. ಬಡ ಹುಡುಗರು ಊಟಕ್ಕೆ ಕೂತರೆ ಅವ್ವ ಕೇಳದೆಯೇ ಎರಡು ರೊಟ್ಟಿ ಜಾಸ್ತಿ ಒಗೆಯುವುದು ಆ ಖಾನಾವಳಿಯ ಪದ್ಧತಿ. ಈಗ ಬಡಿಸುವುದೇನೋ ಬಡಿಸುತ್ತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ಹುಡುಗ ಖಾಲಿ ತಾಟಿನ ಮುಂದೆ ಕೂತೇ ಇದ್ದ. ಅವಳು ಅವನನ್ನು ದಾಟಿಕೊಂಡು ಹೋಗಿ ಕೈ ತೊಳೆದಳು.

ಆ ವಾರವೇ ನಿಗಾ ಕೋಣೆಯ ಕಬ್ಬಿಣದ ಕಪಾಟಿನ ಬಾಗಿಲು ಬಡಿದು ನನ್ನ ಹಣೆ ಒಡೆಯಿತು. ಗಾಯಕ್ಕೆ ಔಷಧ ಹಚ್ಚಿ ಬಟ್ಟೆ ಕಟ್ಟಿಸಿಕೊಂಡು ಸಂಜೆ ಮನೆಗೆ ಬಂದೆ. ಅವ್ವ ಕೊಣಮಿಗೆಯಲ್ಲಿ ಹಿಟ್ಟು ನಾದುತ್ತ ಕೂತಿದ್ದಳು. ತಲೆ ಎತ್ತಿ ನೋಡಿದಳು.

"ಅಯ್ಯ ನನ್ನವ್ವ, ಹಣಿಗೆ ಏನಾತ? ಕರುಳ ಚುರ್ ಅಂತು ನೋಡು!"

ಎದ್ದು ಬಂದಳು, ಹಿಟ್ಟಿನ ಕೈಯನ್ನೇ ನನ್ನ ಹಣೆಯ ಕಡೆ ಚಾಚಿದಳು. ಅವಳ ಸೊಂಟದಲ್ಲಿ ಹಸಿರು ದೀಪ ಮಿನುಗಿತು.

ಕೈ ಅರ್ಧದಲ್ಲಿ ನಿಂತಿತು. ಅವ್ವ ತನ್ನ ಕೈಯನ್ನು ತಾನೇ ನೋಡಿಕೊಂಡಳು, ಏನನ್ನೋ ತೆಗೆದುಕೊಳ್ಳಲು ಒಳಗೆ ಬಂದು ಯಾವುದೆಂದು ಮರೆತವರ ಹಾಗೆ. ಆಮೇಲೆ ಹಿಂದಕ್ಕೆ ಹೋಗಿ ಕೂತು ಹಿಟ್ಟಿಗೆ ನೀರು ಚಿಮುಕಿಸಿದಳು.

"ಔಷಧ ಹಚ್ಯಾರಲ್ಲ? ಆತು ಬಿಡು."

ನಾನು ಅವಳ ಸೊಂಟದ ಡಬ್ಬಿಯನ್ನೇ ನೋಡಿದೆ. ಹುಡುಗರ ಹಸಿದ ಮುಖ ನೋಡಿ ಮಧ್ಯಾಹ್ನ ಅವಳು ಏನು ಅನ್ನುತ್ತಿದ್ದಳು? ಸಂಜೆ ನಾನು ಸೋತು ಬಂದು ಚಪ್ಪಲಿ ಬಿಡುವಾಗ ಏನು ಅನ್ನುತ್ತಿದ್ದಳು? ಬಾಯಿ ತೆರೆದರೆ ಕರುಳ ಚುರ್ ಅಂತು, ಜೀವ ಚುರ್ ಅಂತು. ನಾನು ಹುಟ್ಟಿದಂದಿನಿಂದ ಕೇಳಿದ ಮಾತು. ಕೇಳಿ ಕೇಳಿ ಅದು ಮಾತೆಂಬುದೇ ನನಗೆ ಮರೆತುಹೋಗಿತ್ತು. ಡಬ್ಬಿ ಮರೆತಿರಲಿಲ್ಲ. ಪ್ರತಿ ಸಲವೂ ಕೇಳಿಸಿಕೊಂಡಿತ್ತು, ಆ ಕ್ಷಣ ಅವಳೊಳಗೆ ಯಾವುದು ಮಿಡಿಯಿತೋ ಅದರ ಬಾಯಿ ಮುಚ್ಚಿತ್ತು.

ಅವಳ ಸೊಂಟದಿಂದ ಪಟ್ಟಿಯನ್ನು ಕಿತ್ತು ತೆಗೆದೆ. ಅವ್ವ ಅಡ್ಡಿ ಮಾಡಲಿಲ್ಲ. "ಮುಗೀತೇನ?" ಎಂದಳು.

ಮರುದಿನ ಬೆಳಿಗ್ಗೆ ಡಾಕ್ಟರ್ ಇನಾಮದಾರರ ಕೋಣೆಯಲ್ಲಿ ಕೂಗಾಡಿದೆ. ಅವರು ನಿಧಾನಕ್ಕೆ ಚಹಾ ಕುಡಿಯುತ್ತ ಕೇಳಿಸಿಕೊಂಡರು. ಕೇಂದ್ರ ತೆರೆದ ಹೊಸದರಲ್ಲಿ ತಮ್ಮ ಬೆನ್ನುನೋವಿಗೆ ಅವರೇ ಮೊದಲ ಬಾಟಲಿ ಏರಿಸಿಕೊಂಡಿದ್ದರು. ಅಲ್ಲಿಂದೀಚೆಗೆ ಸಾಹೇಬರು ಎಷ್ಟು ಶಾಂತವಾದರು ಎಂದು ನಾವೆಲ್ಲ ಹೊಗಳಿಕೊಂಡು ಓಡಾಡುತ್ತಿದ್ದೆವು.

"ದಾನೇಶ್ವರಿ, ಈ ಮಷೀನು ನಮ್ಮ ದೇಶದ್ದಲ್ಲ" ಎಂದರು. "ಅದನ್ನ ಮಾಡಿದವರ ಊರಾಗ ಮೈ ಸುಟ್ಟರ ಒಂದು ಮಾತು, ಮರುಕ ಬಂದರ ಇನ್ನೊಂದು ಮಾತು ಇರಬಹುದು. ನಮ್ಮೊಳಗ ಹಂಗಿಲ್ಲ ನೋಡ್ರಿ. ಮತ್ಸರಕ್ಕ ಹೊಟ್ಟಿ ಉರೀತದ, ದುಃಖಕ್ಕ ಎದಿ ಒಡೀತದ, ಪ್ರೀತಿಗೆ ಕರುಳು ಚುರ್ ಅಂತದ. ಎಲ್ಲಾ ಮೈ ಮ್ಯಾಲಿಂದೇ ಮಾತು. ಮೆದುಳಿನಾಗೂ ನೋವು, ಮರುಕ ಎರಡೂ ಬಾಜೂಬಾಜೂ ಮನ್ಯಾಗ ಇರತಾವ."

"ಅಂದ್ರ ನಿಮಗ ಗೊತ್ತಿತ್ತು!"

"ಸಂಶಯ ಇತ್ತು."

"ಮತ್ತ ನಿಲ್ಲಸಬೇಕಿತ್ತಲ್ರೀ!"

"ಯಾಕ ನಿಲ್ಲಸಬೇಕು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. "ಇಷ್ಟು ಜನಕ್ಕ ಬಾಟ್ಲಿ ಹಚ್ಚೇವಿ. ಒಬ್ಬ ರೋಗಿನೂ ದೂರು ಕೊಟ್ಟಿಲ್ಲ."

ಎಲ್ಲಿಂದ ಕೊಡುತ್ತಾರೆ? ಕಳೆದುಕೊಂಡದ್ದು ಬೇಕೆನಿಸಿದರಲ್ಲವೆ ದೂರು? ನನಗೆ ಹಳೆಯ ಸಂಗತಿಗಳು ಒಂದೊಂದಾಗಿ ನೆನಪಾಗತೊಡಗಿದವು. ವಿದ್ಯಾನಗರದ ಅಜ್ಜ ತನ್ನ ಗುರುತಿನ ಮಾತು ಆಡುತ್ತಿದ್ದದ್ದು ಮೊಣಕಾಲು ನೋವಿಗಲ್ಲ, ಶಾಲೆ ಬಿಟ್ಟು ಬಂದ ಮೊಮ್ಮಗಳ ಮುಖ ಕಂಡು. ನಮ್ಮಲ್ಲೇ ಬಾಟಲಿ ಏರಿಸಿಕೊಂಡಿದ್ದ ಓಣಿಯ ಶಂಕ್ರವ್ವ, ಗಂಡ ತೀರಿಕೊಂಡ ದಿನ ಹೆಣದ ಪಕ್ಕ ಕೂತು, ಬಂದವರಿಗೆ ಚಹಾ ಆಯಿತೇ ಎಂದು ವಿಚಾರಿಸುತ್ತಿದ್ದಳು. ಎಂಥ ಗಟ್ಟಿ ಹೆಂಗಸು ಎಂದು ಎಲ್ಲರೂ ಮೆಚ್ಚಿಕೊಂಡರು. ಮೊನ್ನೆ ಒಬ್ಬ ಸೊಸೆ ನಮ್ಮಲ್ಲಿಗೆ ಬಂದು, ಅತ್ತೆಗೆ ಬಾಟಲಿ ಏರಿಸಿದ ಮೇಲೆ ಮನೆ ಶಾಂತವಾಗಿದೆ, ಮಾವನಿಗೂ ಏರಿಸಿ ಎಂದಿದ್ದಳು. ಮಾವನಿಗೆ ಏನು ನೋವು ಎಂದು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲ. ನೆಗಡಿ ಬಂತೆಂದು ಊರಿಗೆ ಊರೇ ಮೂಗು ಕೊಯ್ಯಿಸಿಕೊಂಡು, ಎಷ್ಟು ಹಗುರಾಯಿತು ಎನ್ನುತ್ತಿತ್ತು.

"ವಾಪಸ್ ತರಾಕ ಆಗತೈತೋ ಇಲ್ಲೋ, ಅಷ್ಟ ಹೇಳ್ರಿ."

ಆಗುತ್ತದೆ ಎಂದರು. ತೊಳೆಯುವ ದ್ರವ ಒಂದಿದೆ. ಕಣಗಳು ಬಲಿತು ಗಟ್ಟಿಯಾಗುವ ಮೊದಲು ಅದನ್ನು ಏರಿಸಿದರೆ ಎಲ್ಲ ಕಣಗಳೂ ಕಳಚಿಕೊಳ್ಳುತ್ತವೆ. ಎಲ್ಲವೂ, ಅಂದರೆ ಪಕ್ಕೆಯ ಉರಿಗೆ ಅಂಟಿದವೂ ಸೇರಿ. ಅವ್ವನ ಮಟ್ಟಿಗೆ ಈ ವಾರ ದಾಟಿದರೆ ಕಷ್ಟ. ಇನ್ನೊಂದು ಷರತ್ತು ಕಾನೂನಿನದು: ನೋವನ್ನು ಮರಳಿ ತರುವ ಚಿಕಿತ್ಸೆಯಾದ್ದರಿಂದ ಅದು ತನಗೆ ಯಾಕೆ ಬೇಕು ಎಂದು ರೋಗಿ ಸ್ವಂತ ಮಾತಿನಲ್ಲಿ ಹೇಳಬೇಕು. ಮನೆಯವರು ಹೇಳಿಕೊಡುವಂತಿಲ್ಲ.

"ಅವರ ಬಾಯಿಂದಲೇ ಬರಬೇಕು" ಎಂದು ಇನಾಮದಾರರು ಕಪ್ಪು ಕೆಳಗಿಟ್ಟರು.

ಮನೆಗೆ ಬಂದು ಅವ್ವನ ಎದುರು ಕೂತೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ಬೆನ್ನು ನೆಟ್ಟಗೆ, ಮುಖದಲ್ಲಿ ಒಂದು ಗೆರೆ ನೋವಿಲ್ಲ. ವರ್ಷದ ಹಿಂದೆ ನಾನು ದೇವರಲ್ಲಿ ಬೇಡಿಕೊಂಡಿದ್ದ ಮುಖ ಅದು. ಅದನ್ನು ನೋಡಿ ಹೆದರಿಕೆಯಾಯಿತು.

"ಅವ್ವಾ, ನನ್ನ ನೋಡಿದ್ರ ನಿನಗ ಏನನಸ್ತೈತಿ?"

"ಏನನಸಬೇಕು? ದಾನಿ ಬಂದ್ಲು ಅನಸ್ತೈತಿ."

"ಅಷ್ಟನ?"

ಅವಳು ನಿಜವಾಗಿಯೂ ಯೋಚಿಸಿದಳು. ನನ್ನ ಅವ್ವ ಸುಳ್ಳಾಡುವವಳಲ್ಲ. "ಹಣಿ ಗಾಯ ಒಣಗಾಕತ್ತೈತಿ" ಎಂದಳು.

"ನನಗ ಸಣ್ಣಾಕಿದ್ದಾಗ ಜ್ವರ ನೆತ್ತಿಗೇರಿದ್ದು ನೆನಪೈತೇನ? ಕಿಮ್ಸ್ ದವಾಖಾನ್ಯಾಗ ನೆಲದ ಮ್ಯಾಲೆ ಕುಂತಿದ್ದಿ."

"ನೆನಪೈತಿ. ನಿನ್ನ ಕಾಲ ಹಿಡಕೊಂಡು ಬೆಳತನ ಕುಂತಿದ್ನಿ. ಒಂದ್ ಹನಿ ನೀರ ಕುಡದಿದ್ದಿಲ್ಲ." ಸೊಪ್ಪು ಬಿಡಿಸುವ ಕೈ ನಿಂತಿತು. "ಎಲ್ಲಾ ನೆನಪೈತಿ ದಾನಿ. ಯಾಕ ಕುಂತಿದ್ನಿ ಅಂಬೋದು ಮಾತ್ರ ಗೊತ್ತಾಗವಲ್ದು. ಡಾಕ್ಟರಿದ್ರಲ್ಲ, ಅವರು ನೋಡ್ಕೊಂತಿದ್ರು. ನಾ ಮನಿಗೆ ಬಂದು ಮಲಗಬಹುದಿತ್ತು."

ಇದನ್ನವಳು ಸಿಟ್ಟಿನಿಂದ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಲೆಕ್ಕ ಬಿಡಿಸಲಾರದ ಮಗುವಿನ ಹಾಗೆ ಹೇಳಿ ನನ್ನ ಮುಖ ನೋಡಿದಳು. ನಾನೇ ಉತ್ತರ ಹೇಳಬೇಕಿತ್ತು. ಅದು ಹೇಳಿಕೊಟ್ಟರೆ ತಿಳಿಯುವ ಸಂಗತಿಯಾಗಿದ್ದರೆ ಜಗತ್ತಿನಲ್ಲಿ ಅವ್ವಂದಿರಿಗೆ ಶಾಲೆ ಇರುತ್ತಿತ್ತು.

ಆದರೂ ನಾನು ಬಿಡಲಿಲ್ಲ. ಆ ವಾರವೆಲ್ಲ ಅವಳ ಹಿಂದೆ ಮುಂದೆ ಸುತ್ತಿದೆ. ಫಕೀರವ್ವನ ಕೈಯ ಬಟ್ಟೆ ಬಿಚ್ಚಿ ಸುಟ್ಟ ಗಾಯ ತೋರಿಸಿದೆ. ಫಕೀರವ್ವ "ಅಕ್ಕಾ, ನಾ ನಿನ್ನ ಫಕೀರಿ" ಎಂದು ಅವಳ ಗಲ್ಲ ಹಿಡಿದು ಅತ್ತಳು. ಅವ್ವ "ಹೌದಲ್ಲ" ಎಂದಳು. ಇಬ್ಬರೂ ಸೇರಿ ಬೇಡಿಕೊಂಡೆವು. ವಾರದ ಕೊನೆಯ ದಿನ ಅವ್ವ ಸುಲಭವಾಗಿ ಒಪ್ಪಿಕೊಂಡಳು.

"ನೀವು ಅಷ್ಟ ಹಟ ಹಿಡದ್ರ ಬರತೀನಿ. ಹೆಂಗಿದ್ರೂ ಮಧ್ಯಾಹ್ನದ ಮ್ಯಾಲೆ ಕೆಲಸಿಲ್ಲ."

ಆ ಮಾತಿಗೇ ನಾನು ಹುಚ್ಚಿಯ ಹಾಗೆ ಹಿಗ್ಗಿದೆ. ಹಟಕ್ಕೆ ಮಣಿಯುವುದೆಂದರೆ ಒಳಗೆಲ್ಲೋ ಒಂದು ಎಳೆ ಉಳಿದಿದೆ ಎಂದಲ್ಲವೆ? ಆಟೋದಲ್ಲಿ ಅವಳ ಕೈ ಹಿಡಿದುಕೊಂಡೇ ಕೂತೆ. ಉರಿ ಮತ್ತೆ ಬರುತ್ತದೆ, ಪರವಾಗಿಲ್ಲ, ರೊಟ್ಟಿ ನಾನು ಬಡಿಯುತ್ತೇನೆ, ಪಕ್ಕೆಗೆ ಬೀಸಣಿಗೆ ಹಿಡಿದು ಕೂರುತ್ತೇನೆ. ಅವಳು ನನ್ನನ್ನು ನೋಡಿ ಒಮ್ಮೆ ಚುರ್ ಅಂದರೆ ಸಾಕು.

ಇನಾಮದಾರರು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ತೊಳೆಯುವ ದ್ರವದ ಬಾಟಲಿ ಕೊಕ್ಕೆಯಲ್ಲಿ ತೂಗುತ್ತಿತ್ತು, ನರ್ಸ್ ಸೂಜಿ ಹಿಡಿದು ತಯಾರಾಗಿ ನಿಂತಿದ್ದಳು. ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿ, ತುಟಿ ಬಿಚ್ಚಬೇಡಿ ಎಂದು ಹೇಳಿದ್ದರು.

"ಬಸಲಿಂಗವ್ವಾರ, ಈ ಬಾಟ್ಲಿ ಏರಿಸಿದರ ಪಕ್ಕಡಿ ಉರಿ ಮೊದಲಿನಂಗ ವಾಪಸ್ ಬರತದ. ಅದರ ಜೋಡಿ ನಿಮ್ಮ ಕರುಳೂ ವಾಪಸ್ ಬರತದ. ನಿಮಗ ಇದು ಬೇಕೇನ್ರಿ? ಯಾಕ ಬೇಕು, ನಿಮ್ಮ ಮಾತಿನಾಗ ಹೇಳ್ರಿ."

ಅವ್ವ ಬಾಟಲಿಯನ್ನು ನೋಡಿದಳು. ಆಮೇಲೆ ತನ್ನ ಎಡಪಕ್ಕೆಯನ್ನು ಮುಟ್ಟಿ ನೋಡಿಕೊಂಡಳು.

"ಉರಿ ಭಾಳ ಇತ್ರಿ" ಎಂದಳು. "ಅದನ್ನ ಯಾರರ ಯಾಕ ಬೇಡತಾರ?"

"ವಿಚಾರ ಮಾಡಿ ಹೇಳ್ರಿ."

ಅವಳು ವಿಚಾರ ಮಾಡಿದಳು. ಹಣೆ ಗಂಟಿಕ್ಕಿ, ಕಣ್ಣು ಮುಚ್ಚಿ, ಪ್ರಾಮಾಣಿಕವಾಗಿ ಹುಡುಕಿದಳು. ಖಾಲಿ ಡಬ್ಬಿಯಲ್ಲಿ ಕೈ ಆಡಿಸಿದಂತಿತ್ತು ಆ ಹುಡುಕಾಟ. ನನಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡರೂ ಅಳು ಹೊರಗೆ ಬಂತು. ಆ ಸದ್ದಿಗೆ ಅವ್ವ ಕಣ್ಣು ತೆರೆದಳು.

ಕುರ್ಚಿಯಿಂದ ಎದ್ದಳು. ನನ್ನ ಹತ್ತಿರ ಬಂದು, ಸೆರಗಿನಿಂದ ನನ್ನ ಮುಖ ಒರೆಸಿದಳು. ಅವಳ ಕೈ ಬೆಚ್ಚಗಿತ್ತು, ಮೆಂತ್ಯೆಯ ವಾಸನೆ ಬಂತು. ಬಂದಳು, ನನ್ನ ಅವ್ವ ಬಂದಳು ಎಂದುಕೊಂಡೆ.

ಅವಳು ನನ್ನ ತೋಳು ಹಿಡಿದು ನಡೆಸಿಕೊಂಡು ಹೋಗಿ, ತಾನು ಕೂತಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು. ಶಾಲು ಹೊದಿಸಿದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಇದಕ್ಕ ಭಾಳ ತ್ರಾಸ ಐತ್ರಿ ಸಾಹೇಬ್ರ. ಮೊದಲು ನನಗ ಹಚ್ಚಿದ್ರಲ್ಲ, ಆ ಬಾಟ್ಲಿ ಈಕಿಗೆ ಹಚ್ರಿ."